ಮದುವೆ ಫೋಟೋದ ಅಂಚಿನಲ್ಲಿ ನಿಂತವರು

(ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಳೆಯ ಮದುವೆ ಫೋಟೋವನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ನಡುವೆ ಕುಳಿತ ಮದುಮಕ್ಕಳ ಮೇಲೆ. ಮನೆತನದ ಚರಿತ್ರೆಯನ್ನು ಹುಡುಕಹೊರಟವರಿಗೆ ಆ ಇಬ್ಬರಿಂದ ಸಿಗುವ ಹೊಸ ಸಂಗತಿ ಬಹಳ ಕಡಿಮೆ, ಏಕೆಂದರೆ ಅವರ ಹೆಸರು, ಊರು, ಸಂತಾನದ ವಿವರ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದವರು ಅಂಚಿನಲ್ಲಿರುತ್ತಾರೆ: ಹಿಂದಿನ ಸಾಲಿನ ತುದಿಯಲ್ಲಿ ಅರ್ಧ ಮುಖ ಕಾಣಿಸಿದವರು, ಕಂಬಕ್ಕೆ ಒರಗಿದವರು, ಜಮಖಾನೆಯ ಮೇಲೆ ಸಾಲಾಗಿ ಕೂರಿಸಿದ ಮಕ್ಕಳು. ಅವರನ್ನು ಒಬ್ಬೊಬ್ಬರಾಗಿ ಗುರುತಿಸುತ್ತ ಹೋದಂತೆ ಮನೆತನ ಯಾವ ಊರಿನಿಂದ ಬಂತು, ಯಾರೊಂದಿಗೆ ಕೊಟ್ಟು ತಂದಿತು, ಯಾರ ಋಣದಲ್ಲಿ ಬೆಳೆಯಿತು ಎಂಬುದು ತಿಳಿದುಬರುತ್ತದೆ. ಅಂಚಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಹೆಂಗಸರು. ಪಹಣಿ, ಖಾತೆ, ವಂಶವೃಕ್ಷ ಎಲ್ಲವೂ ಗಂಡಸರ ಹೆಸರು ಹಿಡಿದು ಸಾಗುವ ನಮ್ಮ ಕಾಗದಪತ್ರಗಳ ನಡುವೆ, ಎಷ್ಟೋ ಹೆಂಗಸರು ಬದುಕಿದ್ದರೆಂಬುದಕ್ಕೆ ಉಳಿದಿರುವ ಒಂದೇ ದಾಖಲೆ ಇಂಥದೊಂದು ಫೋಟೋ. ಆದ್ದರಿಂದ ಹುಡುಕಾಟವನ್ನು ನಡುವಿನಿಂದಲ್ಲ, ಅಂಚಿನಿಂದ ಆರಂಭಿಸಬೇಕೆಂದು ನಾನು ನಂಬಿದ್ದೇನೆ.

ಇದನ್ನು ವಿವರಿಸಲು ನಮ್ಮ ಮನೆಯ ಫೋಟೋವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದು ನನ್ನ ತಂದೆಯ ತಂದೆ-ತಾಯಿಯರ ಮದುವೆಯದು. ದಾವಣಗೆರೆಯ ಹಳೇ ಪೇಟೆಯ ಮನೆಯ ಮುಂದೆ ಬಯಲಿನಲ್ಲಿ ಕುರ್ಚಿ ಹಾಕಿ ತೆಗೆದದ್ದು. ಅಜ್ಜನ ಮನೆಯವರು ಹತ್ತಿ ವ್ಯಾಪಾರದವರು. ಅಜ್ಜಿಯ ತವರು ತುಂಗಭದ್ರೆಯ ಆಚೆ, ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಫೋಟೋದ ಎಡ ತುದಿಯಲ್ಲಿ, ಬಾಗಿಲಿನ ಪಕ್ಕ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ನಿಂತಿದ್ದಾರೆ. ಅವರ ಹಣೆ ಬರಿದು, ಕೈ ಬರಿದು. ಮನೆಯಲ್ಲಿ ಯಾರನ್ನು ಕೇಳಿದರೂ ‘ಕೆಲಸಕ್ಕೆ ಇದ್ದವರಿರಬೇಕು’ ಎಂಬ ಉತ್ತರವೇ ಬರುತ್ತಿತ್ತು. ಅವರು ಯಾರೆಂದು ತಿಳಿಯಲು ಮಾಡಿದ ಹುಡುಕಾಟವೇ ಈ ಉಪನ್ಯಾಸದ ಬೆನ್ನೆಲುಬು. ಜಮೀನಿನ ವಿಷಯ ಬರುವುದರಿಂದ ಹೆಸರುಗಳನ್ನು ಹೊರಗೆ ಹೇಳುವುದಿಲ್ಲವೆಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಮನೆಯ ಪ್ರತಿಯಲ್ಲಿ ಎಲ್ಲ ಹೆಸರುಗಳೂ ಇವೆ.

ಕಚೇರಿಗಳಿಗೆ ಅಲೆಯುವ ಮೊದಲು ಫೋಟೋವನ್ನು ಒಂದು ವಸ್ತುವಾಗಿ ಓದಬೇಕು. ಚೌಕಟ್ಟಿನಿಂದ ಬಿಡಿಸಲು ಬರುವಂತಿದ್ದರೆ ಬಿಡಿಸಿ, ಕಿಟಕಿಯ ಬೆಳಕಿನಲ್ಲಿ ಸ್ವಲ್ಪ ಓರೆಯಾಗಿ ಹಿಡಿದು ನೋಡಿದರೆ, ಕಪ್ಪು ಭಾಗಗಳ ಮೇಲೆ, ವಿಶೇಷವಾಗಿ ಅಂಚುಗಳಲ್ಲಿ, ನೀಲಿ ಛಾಯೆಯ ಬೆಳ್ಳಿ ಹೊಳಪು ಕಾಣಿಸಬಹುದು. ಜೆಲಾಟಿನ್ ಲೇಪನದಲ್ಲಿದ್ದ ಬೆಳ್ಳಿ ಕಾಲಕ್ರಮದಲ್ಲಿ ಮೇಲಕ್ಕೆ ಬಂದಿರುವುದರ ಗುರುತು ಅದು. ಹತ್ತೊಂಬತ್ತನೆಯ ಶತಮಾನದ, ಮೊಟ್ಟೆಯ ಬಿಳಿ ಲೋಳೆ ಲೇಪಿಸಿದ ಆಲ್ಬುಮೆನ್ ಪ್ರತಿಗಳು ಹಳದಿಗೆ ತಿರುಗಿ ಮಾಸುತ್ತವೆಯೇ ಹೊರತು ಹೀಗೆ ಹೊಳೆಯುವುದು ಅಪರೂಪ. ರಟ್ಟಿನ ಮೇಲೆ ಸ್ಟುಡಿಯೋದ ಉಬ್ಬುಮುದ್ರೆ ಇದೆಯೇ, ಅಳತೆ ಆರೂವರೆ ಇಂಚಿಗೆ ಎಂಟೂವರೆ ಇಂಚಿನ ಫುಲ್ ಪ್ಲೇಟಿನದೇ (ಪ್ಲೇಟೆಂದರೆ ಅಂದಿನ ಗಾಜಿನ ನೆಗೆಟಿವ್), ಅದರ ಸುಮಾರು ಅರ್ಧದ ಹಾಫ್ ಪ್ಲೇಟಿನದೇ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಗಂಡಸರ ಕೋಟಿನ ಎದೆಯ ಜೇಬು ಅವರ ಎಡಗಡೆಗೆ ಇಲ್ಲದಿದ್ದರೆ ಪ್ಲೇಟನ್ನು ತಿರುವಿ ಅಚ್ಚು ಹಾಕಿದ್ದಾರೆಂದು ತಿಳಿಯಬೇಕು. ಇದನ್ನು ಗಮನಿಸದೆ ‘ಎಡದಿಂದ ಮೂರನೆಯವರು’ ಎಂದು ಬರೆದಿಟ್ಟರೆ ಮುಂದಿನವರು ದಾರಿ ತಪ್ಪುತ್ತಾರೆ.

ಬಣ್ಣದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಂದು ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಪ್ಲೇಟುಗಳಿಗೆ ನೀಲಿ ಮತ್ತು ಹಸಿರು ಬೆಳಕು ತಾಗುತ್ತಿತ್ತು, ಕೆಂಪು ತಾಗುತ್ತಿರಲಿಲ್ಲ. ಹಾಗಾಗಿ ಕುಂಕುಮ ಕಪ್ಪು ಬೊಟ್ಟಾಗಿಯೂ, ಕೆಂಪು ಧಾರೆ ಸೀರೆ ಕರಿ ಸೀರೆಯಾಗಿಯೂ ಬೀಳುತ್ತಿತ್ತು. ಮೊಬೈಲಿನಲ್ಲಿ ಹಳೆಯ ಫೋಟೋಗಳಿಗೆ ಬಣ್ಣ ತುಂಬುವ ಆ್ಯಪ್‌ಗಳಿಗೆ ಇದು ತಿಳಿಯದು. ನಮ್ಮ ಅಜ್ಜಿಯ ಸೀರೆಗೆ ಅಂಥದೊಂದು ಆ್ಯಪ್ ಕಡು ನೀಲಿ ಬಣ್ಣ ಬಳಿದುಕೊಟ್ಟಿತು. ಬಳಿದ ಬಣ್ಣವನ್ನು ನೋಡಿ ಮದುವೆಯ ಪದ್ಧತಿಯ ಬಗ್ಗೆ ತೀರ್ಮಾನಕ್ಕೆ ಬಂದವರನ್ನು ನಾನು ಕಂಡಿದ್ದೇನೆ, ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅದೇ ಪ್ಲೇಟಿನ ಗುಣ ನನ್ನ ಹುಡುಕಾಟಕ್ಕೆ ಸಹಾಯವನ್ನೂ ಮಾಡಿತು. ಕೆಂಪು ಬಣ್ಣ ಕಪ್ಪಾಗಿ ಬೀಳುವ ಪ್ಲೇಟಿನಲ್ಲಿ ಹಣೆಯ ಕುಂಕುಮ ತಪ್ಪದೆ ಎದ್ದು ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದಾಗ ಉಳಿದ ಹೆಂಗಸರೆಲ್ಲರ ಹಣೆಯ ಮೇಲೆ ಸಾಸಿವೆಯಷ್ಟಾದರೂ ಕಪ್ಪು ಚುಕ್ಕೆ ಇದೆ, ಬಾಗಿಲ ಪಕ್ಕದ ಹೆಂಗಸಿನ ಹಣೆಯಲ್ಲಿ ಇಲ್ಲ. ಅಂದರೆ ಅವರು ವಿಧವೆ ಎಂಬುದು ಬಹುಮಟ್ಟಿಗೆ ಖಚಿತ. ಅವರ ಎದೆಯ ಮೇಲೆ ಸೆರಗಿನ ಮರೆಯಲ್ಲಿ ಶಿವದಾರದಿಂದ ಇಳಿಬಿದ್ದ, ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆಯ ಒಂದು ಅಂಚೂ ಹೊಳೆಯುತ್ತಿದೆ. ಮನೆಯ ಯಜಮಾನರ ಎದೆಯ ಮೇಲಿರುವುದೂ ಅದೇ ಆಕಾರದ ಕರಡಿಗೆ. ಕೆಲಸಕ್ಕೆ ಇದ್ದವರೆಂಬ ಉತ್ತರದ ಮೇಲೆ ನನಗೆ ಮೊದಲ ಅನುಮಾನ ಬಂದದ್ದು ಇಲ್ಲಿ. ಶುಭಕಾರ್ಯಗಳಲ್ಲಿ ವಿಧವೆಯನ್ನು ಮುಂದೆ ಬಿಡದ ಕಾಲದಲ್ಲಿ, ಮದುವೆಯ ಫೋಟೋದಲ್ಲಿ ವಿಧವೆಯೊಬ್ಬರು ತುದಿಯಲ್ಲಾದರೂ ನಿಂತಿದ್ದಾರೆಂದರೆ ಆ ಮನೆಯಲ್ಲಿ ಅವರನ್ನು ಬಿಟ್ಟು ಮದುವೆ ಮಾಡಲಾಗದಷ್ಟು ಹಕ್ಕು ಅವರಿಗಿತ್ತು ಎಂದೇ ಅರ್ಥ ಮಾಡಿಕೊಳ್ಳಬೇಕು.

ಇನ್ನು ಮದುವೆ ಯಾವಾಗ ನಡೆಯಿತು ಎಂಬ ಪ್ರಶ್ನೆ. ಆ ಕಾಲದ ಹಿಂದೂ ಮದುವೆಗಳಿಗೆ ಸರ್ಕಾರಿ ನೋಂದಣಿಯೆಂಬುದು ರೂಢಿಯಲ್ಲಿರಲಿಲ್ಲ. ನಮ್ಮ ರಾಜ್ಯದ ಮದುವೆ ನೋಂದಣಿ ಕಾಯಿದೆಯೇ 1976ರದು. ಲಗ್ನಪತ್ರಿಕೆ ಉಳಿದಿದ್ದರೆ ಅದೃಷ್ಟ. ಅದಿಲ್ಲದಿದ್ದರೆ ವ್ಯಾಪಾರಸ್ಥರ ಮನೆಗಳಲ್ಲಿ ಅಂಗಡಿಯ ಕಿರ್ದಿ ಪುಸ್ತಕಗಳನ್ನು, ಅಂದರೆ ದಿನದ ಜಮಾಖರ್ಚಿನ ಲೆಕ್ಕದ ಪುಸ್ತಕಗಳನ್ನು, ಹುಡುಕಬೇಕು, ಎಲ್ಲರ ಮನೆಯಲ್ಲೂ ಮುಯ್ಯಿ ಪಟ್ಟಿಯನ್ನು ಹುಡುಕಬೇಕು. ಹೊಳೆಯಾಚೆ ಆಯೇರಿ ಪಟ್ಟಿ ಎನ್ನುವುದೂ ಇದನ್ನೇ. ಕೊಟ್ಟವರಿಗೆ ಮರಳಿ ಕೊಡಬೇಕಾದ ಋಣದ ಲೆಕ್ಕವಾದ್ದರಿಂದ ಈ ಪಟ್ಟಿಯನ್ನು ಜನ ಎಚ್ಚರದಿಂದ ಬರೆಯುತ್ತಿದ್ದರು, ಎಚ್ಚರದಿಂದ ಕಾಪಾಡುತ್ತಿದ್ದರು. ಯಾವ ಊರಿನ ಯಾರು ಎಷ್ಟು ರೂಪಾಯಿ ಓದಿಸಿದರು, ಯಾರು ಖಣ ತಂದರು, ಯಾರು ರುಮಾಲು ಹಾಕಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದು ಮನೆತನದ ನೆಂಟಸ್ತಿಕೆಯ ಭೂಪಟವನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಆಧಾರ ನನಗೆ ಬೇರೆ ಸಿಕ್ಕಿಲ್ಲ.

ನಮ್ಮ ಕಿರ್ದಿಯಲ್ಲಿ ಮದುವೆಯ ಖರ್ಚು ಧಾತು ಸಂವತ್ಸರದ ಮಾಘ ಮಾಸದಲ್ಲಿ ಬಿದ್ದಿದೆ. ಅದೇ ಪುಟದಲ್ಲಿ ಫೋಟೋದವರಿಗೆ ಕೊಟ್ಟ ಹಣ ಮತ್ತು ಪ್ರತಿಗಳ ಬಾಬತ್ತೂ ಇದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಜನರ ನೆನಪಿನಲ್ಲಿ ಧಾತು ಎಂದರೆ 1876-77ರ ಧಾತು, ಅಂದರೆ ಧಾತು-ಈಶ್ವರ ಬರಗಾಲದ ವರ್ಷ. ಅದರ ಮುಂದಿನ ಧಾತು 1936-37. ಫೋಟೋದ ಜೆಲಾಟಿನ್ ಕಾಗದ ಎರಡನೆಯದನ್ನೇ ಹೇಳುತ್ತದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಸಾಗುವುದರಿಂದ ಧಾತು ಸಂವತ್ಸರದ ಮಾಘವೆಂದರೆ 1937ರ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗಿನ ಅವಧಿ. ಧಾತು ಎಂದರೆ 1936 ಎಂದು ಸುಮ್ಮನೆ ಬರೆದುಕೊಂಡವರು ಮಾಘ, ಫಾಲ್ಗುಣದ ಮದುವೆಗಳಲ್ಲಿ ಒಂದು ವರ್ಷ ಹಿಂದಕ್ಕೆ ಬೀಳುತ್ತಾರೆ. ತಿಥಿ, ವಾರ ಎರಡೂ ಬರೆದಿದ್ದರೆ ಹಳೆಯ ಪಂಚಾಂಗದೊಂದಿಗೆ ತಾಳೆ ನೋಡಿ ದಿನವನ್ನೇ ನಿಶ್ಚಯಿಸಬಹುದು. 1936ರಲ್ಲಿಯೇ ದಾವಣಗೆರೆ ಕಾಟನ್ ಮಿಲ್ಸ್ ಸ್ಥಾಪನೆಯಾಗಿತ್ತು. ಊರು ಹತ್ತಿಯ ಮಂಡಿಯಿಂದ ಹತ್ತಿಯ ಗಿರಣಿಯ ಕಡೆಗೆ ಹೊರಳುತ್ತಿದ್ದ ಕಾಲವದು.

ನಮ್ಮ ಭಾಗದವರಿಗೆ ಮಾತ್ರ ಎದುರಾಗುವ ಒಂದು ತೊಡಕನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1937ರಲ್ಲಿ ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಹರಿಹರ ದಾಟಿ ಹೊಳೆಯಾಚೆ ಕಾಲಿಟ್ಟರೆ ರಾಣೆಬೆನ್ನೂರು. ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಉತ್ತರಕ್ಕೆ ಹರಪನಹಳ್ಳಿ, ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಒಂದು ದಿನದ ಗಾಡಿ ಪ್ರಯಾಣದ ಒಳಗೆ ಮೂರು ಸರ್ಕಾರಗಳು, ಮೂರು ಬಗೆಯ ಕಂದಾಯ ದಾಖಲೆಗಳು. ಆದರೆ ಹತ್ತಿ ಗಾಡಿಗಳಿಗೂ ಬೀಗತನಕ್ಕೂ ಆ ಗಡಿಗಳು ಅಡ್ಡಿಯಾಗಿರಲಿಲ್ಲ. ಹೊಳೆಯಾಚೆಯ ಎರೆಹೊಲಗಳ ಹತ್ತಿ ಯಾವ ದಾರಿಯಲ್ಲಿ ಇಲ್ಲಿನ ಮಂಡಿಗೆ ಬಂತೋ ಅದೇ ದಾರಿಯಲ್ಲಿ ಸೊಸೆಯಂದಿರೂ ಬಂದರು ಎಂಬುದನ್ನು ನಮ್ಮ ಮುಯ್ಯಿ ಪಟ್ಟಿಯ ಊರುಗಳೇ ತೋರಿಸುತ್ತವೆ. ದಾವಣಗೆರೆಯ ಹೆಸರಾಂತ ಮನೆತನಗಳ ಹೆಸರುಗಳಲ್ಲಿಯೂ ಈ ಗುರುತು ಉಳಿದಿದೆ. ನಮ್ಮ ಜಿಲ್ಲಾ ಆಸ್ಪತ್ರೆ ಹೊತ್ತಿರುವ ಚಿಗಟೇರಿ ಎಂಬ ಹೆಸರು ಹರಪನಹಳ್ಳಿ ತಾಲ್ಲೂಕಿನ ಊರಿನದು. ರಾಜನಹಳ್ಳಿ ಹರಿಹರ ತಾಲ್ಲೂಕಿನ ಊರು. ನಿಮ್ಮ ಮನೆತನದ ಹೆಸರು ಒಂದು ಊರಿನ ಹೆಸರಾಗಿದ್ದರೆ ಹುಡುಕಾಟದ ಮೊದಲ ನಿಲ್ದಾಣ ಆ ಊರು.

ಗಡಿಗಳು ಆಮೇಲೂ ಸುಮ್ಮನಿರಲಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು, ಧಾರವಾಡ 1956ರ ನವೆಂಬರ್ 1ರಂದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ಮರಳಿ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ ‘ನಮ್ಮ ತಾಲ್ಲೂಕಿನ ಹಳೆಯ ಕಡತ’ ಎಂದು ಇಂದಿನ ಜಿಲ್ಲಾ ಕೇಂದ್ರದಲ್ಲಿ ಕೇಳಿ, ಇಲ್ಲವೆಂದ ಕೂಡಲೇ ಕೈಬಿಡಬಾರದು. ಆ ಕಾಗದ ಹುಟ್ಟಿದ ಕಾಲದಲ್ಲಿ ಆ ಊರು ಯಾವ ಜಿಲ್ಲೆಯಲ್ಲಿತ್ತು ಎಂದು ಮೊದಲು ತಿಳಿದುಕೊಂಡು ಅಲ್ಲಿ ಕೇಳಬೇಕು. ಮುಂಬಯಿ ಪ್ರಾಂತ್ಯದ ಕಡೆಯ ಹಳೆಯ ಕಂದಾಯ ಕಾಗದಗಳಲ್ಲಿ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿ ಎದುರಾಗಬಹುದು, ಅದನ್ನು ಓದಬಲ್ಲವರು ಈಗ ವಿರಳ. ಮದರಾಸು ಕಡೆಯ ಕಾಗದಗಳಲ್ಲಿ ಕಂದಾಯ ಲೆಕ್ಕದ ಫಸಲಿ ವರ್ಷವಿದ್ದರೆ 590 ಕೂಡಿಸಿ ಇಸವಿಯನ್ನು ಪಡೆಯಬೇಕು.

ಮೂರು ಸರ್ಕಾರಗಳೆಂದರೆ ಮೂರು ಕಾನೂನುಗಳು ಕೂಡ. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ 1929ರ ಶಾರದಾ ಕಾಯಿದೆ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷ ತುಂಬಿರಬೇಕೆಂದಿತು. ಮೈಸೂರಿನಲ್ಲಿ ಇದ್ದದ್ದು 1894ರ ಕಟ್ಟಳೆ. ಅದು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನು. ನಮ್ಮ ಅಜ್ಜಿ ಫೋಟೋದಲ್ಲಿ ಹದಿಮೂರರ ಆಸುಪಾಸಿನ ಹುಡುಗಿಯಂತೆ ಕಾಣುತ್ತಾರೆ. ಬಾಸಿಂಗದ ಕೆಳಗೆ ಮುಖ ಅರ್ಧ ಮುಚ್ಚಿಹೋಗಿದೆ, ಡಾಬು ನಡುವಿಗೆ ದೊಡ್ಡದಾಗಿದೆ, ಕುರ್ಚಿಯಲ್ಲಿ ಕುಳಿತವರ ಪಾದ ನೆಲಕ್ಕೆ ಸರಿಯಾಗಿ ಊರಿಲ್ಲ. ಮದುವೆ ಹೆಣ್ಣಿನ ಊರಿನಲ್ಲಿ ನಡೆಯದೆ ಹೊಳೆಯ ಈಚೆ ನಡೆದದ್ದಕ್ಕೆ ಕಾನೂನಿನ ಈ ಅಂತರವೂ ಒಂದು ಕಾರಣವಾಗಿದ್ದೀತು ಎಂದು ನಾನು ಮನೆಯ ದಾಖಲೆಯಲ್ಲಿ ಬರೆದಿಟ್ಟಿದ್ದೇನೆ. ಗಂಡಿನ ಮನೆಯಲ್ಲಿಯೇ ಮದುವೆ ಮಾಡುವ ರೂಢಿಯೂ ಇದ್ದದ್ದರಿಂದ ಇದನ್ನು ಅನುಮಾನವೆಂದೇ ಬರೆದಿದ್ದೇನೆ. ಮನೆಯ ಹಿರಿಯರಿಗೆ ಈ ಸಾಲು ಹಿಡಿಸಲಿಲ್ಲ. ಆದರೆ ಹದಿಮೂರರ ಹುಡುಗಿಯೊಬ್ಬಳು ಸೊಸೆಯಾಗಿ ಬಂದ ಸಂಗತಿಯನ್ನು ಮನೆತನದ ಗೌರವಕ್ಕಾಗಿ ಬಿಟ್ಟುಬಿಡುವುದು ಆ ಹುಡುಗಿಗೆ ಮಾಡುವ ಅನ್ಯಾಯವೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಬಾಗಿಲ ಪಕ್ಕದ ಹೆಂಗಸಿನ ಜಾಡು ಮೊದಲು ಸಿಕ್ಕಿದ್ದು ಹೆಳವರಲ್ಲಿ. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಮನೆಯ ಮುಂದೆ ನಿಂತು ವಂಶಾವಳಿಯನ್ನು ಹೇಳಿ, ಕಾಳುಕಡಿ, ಬಟ್ಟೆ ಪಡೆದು ಹೋಗುವ ಹೆಳವರನ್ನು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ಪ್ರತಿ ಹೆಳವ ಕುಟುಂಬಕ್ಕೂ ತನ್ನ ಪಾಲಿನ ಮನೆತನಗಳಿರುತ್ತವೆ. ಮೊದಲು ಬಾಯಿಪಾಠವಾಗಿದ್ದುದನ್ನು ಈಗ ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ. ನಮ್ಮ ಮನೆತನದ ಹೆಳವರು ಓದಿದ ಸಾಲಿನಲ್ಲಿ ನನ್ನ ಮುತ್ತಜ್ಜನಿಗೆ ಒಬ್ಬ ಅಣ್ಣನಿದ್ದ ಸಂಗತಿ ಇತ್ತು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಆ ಅಣ್ಣನ ಹೆಸರಿನ ಮುಂದೆ ಸಂತಾನವಿಲ್ಲವೆಂದು ಹೇಳಿ ಹೆಳವರು ಮುಂದಿನ ಹೆಸರಿಗೆ ಹೋದರು. ಸಾಲು ಅಲ್ಲಿಗೆ ನಿಂತಿತು. ಅವನಿಗೆ ಹೆಂಡತಿ ಇದ್ದಳೇ ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ಹೊಳೆಯಾಚೆ. ಕಿರ್ದಿಯಲ್ಲಿ ಫೋಟೋದ ಪ್ರತಿಗಳಿಗೆ ಹಣ ಕೊಟ್ಟ ನಮೂದು ಇದ್ದುದರಿಂದ ಇನ್ನೊಂದು ಪ್ರತಿ ಬೀಗರ ಮನೆಯಲ್ಲಿ ಇರಲೇಬೇಕೆಂದು ಅಜ್ಜಿಯ ತವರಿಗೆ ಹೋದೆ. ಅಲ್ಲಿನ ಹಿರಿಯರೊಬ್ಬರು, ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕಾದವರು, ಅಟ್ಟದ ಮೇಲಿನ ತಗಡಿನ ಟ್ರಂಕು ಇಳಿಸಿಸಿ, ಬಟ್ಟೆಯಲ್ಲಿ ಸುತ್ತಿದ್ದ ಫೋಟೋವನ್ನು ತೆಗೆದು ಕೊಟ್ಟು, ‘ಇದು ನಮ್ಮ ಚಿಗವ್ವನ ಟ್ರಂಕಿನಾಗ ಇತ್ತಪಾ, ಆಕಿ ಹೋದ ಮ್ಯಾಲ ಯಾರೂ ತಗದಿಲ್ಲ’ ಎಂದರು. ನಮ್ಮ ಫೋಟೋದ್ದೇ ಇನ್ನೊಂದು ಪ್ರತಿ ಅದು, ನಮ್ಮದಕ್ಕಿಂತ ಕಡಿಮೆ ಮಾಸಿತ್ತು. ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ದುಂಡನೆಯ ಕನ್ನಡ ಅಕ್ಷರಗಳಿದ್ದವು. ಕನ್ನಡ ಅಂಕಿ ಹಾಕಿ, ಎಡದಿಂದ ಒಬ್ಬೊಬ್ಬರನ್ನೂ ಬರೆದಿತ್ತು. ಮೊದಲನೆಯ ಸಾಲು: ‘೧. ದೊಡ್ಡವ್ವ’.

ಸಂಬಂಧವಾಚಕವೊಂದೇ ಇದ್ದರೆ ಸಾಕಾಗುವುದಿಲ್ಲ. ಯಾರ ದೊಡ್ಡವ್ವ ಎಂಬುದು ಬರೆದವರು ಯಾರೆಂದು ತಿಳಿದಾಗ ಮಾತ್ರ ಗೊತ್ತಾಗುತ್ತದೆ. ಫೋಟೋ ಸಿಕ್ಕಿದ್ದು ಹೆಣ್ಣಿನ ತವರಿನಲ್ಲಿ. ಹಾಗಾಗಿ ಹೆಣ್ಣಿನ ಕಡೆಯವರ ದೊಡ್ಡವ್ವ ಎಂದು ತಿಳಿಯುವುದು ಸಹಜ. ಆದರೆ ಪಟ್ಟಿಯನ್ನು ಪೂರ್ತಿ ಓದಿದರೆ ಮದುಮಗನ ಅಂಕಿಯ ಮುಂದೆ ‘ಅಣ್ಣ’ ಎಂದೂ, ಮದುಮಗಳ ಮುಂದೆ ‘ಅತ್ತಿಗೆ’ ಎಂದೂ, ಕೆಳಗೆ ಜಮಖಾನೆಯ ಮೇಲೆ ಕುಳಿತ ಹುಡುಗಿಯೊಬ್ಬಳ ಮುಂದೆ ‘ನಾನು’ ಎಂದೂ ಇದೆ. ಆ ಹುಡುಗಿ ಫೋಟೋ ತೆಗೆಯುವಾಗ ಕೈ ಅಲುಗಿಸಿದ್ದಾಳೆ. ಬಳೆಗಳ ಜಾಗದಲ್ಲಿ ಮಸುಕಾದ ಪಟ್ಟಿಯೊಂದು ಬಿದ್ದಿದೆ, ಆದರೆ ಮುಖ ಸ್ಪಷ್ಟವಾಗಿದೆ. ಅವಳು ನನ್ನ ಅಜ್ಜನ ತಂಗಿ. ಅವಳ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿದ್ದದ್ದು ‘ಹೊಳೆಯಾಚೆ ಎಲ್ಲಿಗೋ ಕೊಟ್ಟಿದ್ದರಂತೆ, ಬೇಗ ತೀರಿಕೊಂಡಳಂತೆ’ ಎಂಬ ಒಂದೇ ಮಾತು. ಅವಳನ್ನು ಕೊಟ್ಟದ್ದು ಅಜ್ಜಿಯ ಕಿರಿಯ ಅಣ್ಣನಿಗೆ. ಹೆಣ್ಣು ತಂದ ಮನೆಗೇ ಹೆಣ್ಣು ಕೊಟ್ಟಿದ್ದರು. ಮಕ್ಕಳಾಗದೆ ತೀರಿಕೊಂಡದ್ದರಿಂದ ಎರಡೂ ಮನೆಗಳ ವಂಶವೃಕ್ಷದಲ್ಲಿ ಅವಳಿಗೆ ಕೊಂಬೆಯಿಲ್ಲ. ಮದುವೆಯಾಗಿ ಹೊರಟಾಗ ತವರಿನವರೆಲ್ಲ ಇರುವ ಆ ಒಂದು ಫೋಟೋವನ್ನು ಜೊತೆಗೆ ಒಯ್ದಿದ್ದಳು, ಒಬ್ಬರನ್ನೂ ಬಿಡದೆ ಗುರುತು ಬರೆದಿಟ್ಟಿದ್ದಳು. ನಮ್ಮ ಮನೆಯ ಗಂಡಸರು ಬರೆದ ಕಿರ್ದಿ ಪುಸ್ತಕಗಳ ರಾಶಿಯಲ್ಲಿ ಎಲ್ಲಿಯೂ ಇಲ್ಲದ ಮಾಹಿತಿ, ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತ ಈ ಹುಡುಗಿಯ ಪೆನ್ಸಿಲಿನಲ್ಲಿ ಉಳಿದಿತ್ತು.

ಹೀಗೆ ಆ ಹೆಂಗಸು ಅಜ್ಜನ ದೊಡ್ಡವ್ವ, ಅಂದರೆ ಹೆಳವರ ಪುಸ್ತಕದಲ್ಲಿ ಸಾಲು ನಿಂತುಹೋಗಿದ್ದ ಆ ಹಿರಿಯಣ್ಣನ ಹೆಂಡತಿ ಇರಬೇಕೆಂದಾಯಿತು. ಹೆಸರು ಇನ್ನೂ ಸಿಕ್ಕಿರಲಿಲ್ಲ. ಅದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕಾಯಿತು. ಈ ಕಚೇರಿಯ ಬಗ್ಗೆ ಜನರಲ್ಲಿ ಅನಗತ್ಯ ಅಳುಕಿದೆ. ಸ್ಥಿರಾಸ್ತಿಗೆ ಸಂಬಂಧಿಸಿದ ದಸ್ತಾವೇಜುಗಳ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಲು ನೋಂದಣಿ ಕಾಯಿದೆಯೇ ಅವಕಾಶ ಕೊಟ್ಟಿದೆ. ದೃಢೀಕೃತ ನಕಲನ್ನೂ ಪಡೆಯಬಹುದು. ಉಯಿಲುಗಳ ಮೂರನೆಯ ಪುಸ್ತಕ ಮಾತ್ರ ಹೀಗೆ ಎಲ್ಲರಿಗೂ ತೆರೆದಿಲ್ಲ. ಸೂಚಿಯಲ್ಲಿ ಹುಡುಕುವಾಗ ಕ್ರಯಪತ್ರಗಳನ್ನಷ್ಟೇ ನೋಡಿ ನಿಲ್ಲಿಸಬೇಡಿ. ಕುಟುಂಬದ ಚರಿತ್ರೆಗೆ ಪಾಲುಪಟ್ಟಿಯೂ, ಮಗಳ ಅರಿಶಿನ ಕುಂಕುಮಕ್ಕೆಂದು ಜಮೀನು ಬರೆದುಕೊಟ್ಟ ದಾನಪತ್ರವೂ ಕ್ರಯಪತ್ರಕ್ಕಿಂತ ಬೆಲೆಯುಳ್ಳವು, ಏಕೆಂದರೆ ಇವುಗಳಲ್ಲಿ ಹೆಂಗಸರ ಹೆಸರುಗಳಿರುತ್ತವೆ.

ಮೈಸೂರು ಸಂಸ್ಥಾನದ ಪಾಲುಪಟ್ಟಿಗಳಲ್ಲಿ 1933ರ ನಂತರದವನ್ನು ವಿಶೇಷವಾಗಿ ಹುಡುಕಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ಆ ವರ್ಷ ಮೈಸೂರು ಸರ್ಕಾರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಅವಿಭಕ್ತ ಕುಟುಂಬದ ಆಸ್ತಿಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಗಂಡುಸಂತಾನವಿಲ್ಲದೆ ಮೊದಲೇ ತೀರಿಕೊಂಡ ಸಹೋದರನ ವಿಧವೆಗೂ ಪಾಲಿನ ಹಕ್ಕನ್ನು ಆ ಕಾಯಿದೆ ಕೊಟ್ಟಿತು. ಬ್ರಿಟಿಷ್ ಪ್ರಾಂತ್ಯಗಳಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ, ಅದೂ ಬೇರೆ ಸ್ವರೂಪದಲ್ಲಿ. ಹೊಳೆಯ ಈಚೆಯ ವಿಧವೆಯರು ಪಾಲುಪಟ್ಟಿಯ ಒಳಗೆ ಹೆಸರು ಸಮೇತ ಬರಲು ದಾರಿ ತೆರೆದದ್ದು ಆ ಮೈಸೂರಿನ ಕಾಯಿದೆ. ನಮ್ಮ ಮುತ್ತಜ್ಜನೂ ಅವರ ತಮ್ಮಂದಿರೂ ಮದುವೆಯ ಮರುವರ್ಷ ಮಾಡಿಕೊಂಡ ಪಾಲುಪಟ್ಟಿಯಲ್ಲಿ ದೊಡ್ಡವ್ವನ ಹೆಸರು, ಗಂಡನ ಹೆಸರು, ತಂದೆಯ ಊರು, ಅಂದಾಜು ವಯಸ್ಸು ಎಲ್ಲವೂ ಇದೆ. ಅವರಿಗೆ ಬಂದದ್ದು ಬೆದ್ದಲು ಜಮೀನು, ಬೀದಿ ಕಡೆಯ ಒಂದು ಅಂಕಣ. ಕೊನೆಗೆ ಅವರ ಹೆಬ್ಬೆಟ್ಟಿನ ಗುರುತಿದೆ. ಒಡವೆಗಳ ಪಟ್ಟಿಯ ಕೆಳಗೆ ಒಂದು ಷರಾ: ಅವರ ಬೋರಮಾಳ ಸರ ಮತ್ತು ವಂಕಿಯನ್ನು ಮದುವೆಯಲ್ಲಿ ಸೊಸೆಗೆ ಇಟ್ಟಿರುವುದರಿಂದ ಪಾಲಿಗೆ ಹಿಡಿದಿಲ್ಲ. ಫೋಟೋದಲ್ಲಿ ನಮ್ಮ ಅಜ್ಜಿಯ ಕೊರಳಲ್ಲಿರುವ ಬೋರಮಾಳವನ್ನೂ ತೋಳಿನ ವಂಕಿಯನ್ನೂ ತವರಿನವರು ಇಟ್ಟದ್ದೆಂದೇ ನಾವು ತಿಳಿದಿದ್ದೆವು.

ಬೇರೆ ಆಧಾರಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಳೆಯ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಕಸುಬು, ಹಿಂದಿನ ಊರು ಸಿಗುತ್ತದೆ; ಜನ್ಮದಿನಾಂಕವನ್ನು ಮಾತ್ರ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೇ ಹೆಚ್ಚು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳೂ ಭೂನ್ಯಾಯಮಂಡಳಿಯ ಕಡತಗಳೂ ಇದ್ದರೆ ಅವುಗಳಲ್ಲಿ ಸಾಕ್ಷಿಗಳ ಹೇಳಿಕೆ ಇರುತ್ತದೆ, ಹೇಳಿಕೆಗಳಲ್ಲಿ ಸಂಬಂಧಗಳಿರುತ್ತವೆ. ಜನಗಣತಿಯಿಂದ ಏನಾದರೂ ಸಿಗುತ್ತದೆಂಬ ಆಸೆ ಬೇಡ. ಅದರಲ್ಲಿ ವ್ಯಕ್ತಿಗಳ ವಿವರ ಹೊರಗೆ ಬರುವುದಿಲ್ಲ. ಶಾನುಭೋಗರ ಮನೆಗಳಲ್ಲಿ ಉಳಿದ ಕಾಗದದ ಕಟ್ಟುಗಳನ್ನು ಮಾತ್ರ ವಿನಯದಿಂದ ಕೇಳಿ ನೋಡಿ.

ಹಿರಿಯರಿಗೆ ಫೋಟೋ ತೋರಿಸುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಮನೆಯ ಹಿರಿಯ ಗಂಡಸು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಒಬ್ಬೊಬ್ಬರನ್ನೇ ಕೇಳಬೇಕು, ಹೆಂಗಸರನ್ನು ಅವರ ಅಡುಗೆಮನೆಯಲ್ಲಿಯೋ ಪಡಸಾಲೆಯಲ್ಲಿಯೋ ಕುಳಿತು ಕೇಳಬೇಕು. ‘ಇವರು ನಿಮ್ಮ ಸೋದರಮಾವ ಅಲ್ಲವೇ’ ಎಂದು ಹೆಸರನ್ನು ನಾವೇ ಅವರ ಬಾಯಿಗೆ ಹಾಕಬಾರದು; ‘ಇವರು ಯಾರಿರಬಹುದಮ್ಮಾ’ ಎಂದು ಕೇಳಿ ಸುಮ್ಮನೆ ಕಾಯಬೇಕು. ಉಟ್ಟ ಸೀರೆಯಿಂದಲೂ ಅವರು ಬಹಳಷ್ಟು ಹೇಳಬಲ್ಲರು. ಹಿಂದಿನ ಸಾಲಿನ ಇಬ್ಬರ ಸೆರಗಿನಲ್ಲಿ ಇಳಕಲ್ಲಿನ ಟೋಪು ತೆಣಿಯನ್ನು ಗುರುತಿಸಿ ‘ಇವರು ಬೀಗರ ಕಡೆಯವರು, ನಮ್ಮ ಕಡೆಯವರಿಗೆ ಆ ಮದುವೆಗೆ ಮೊಳಕಾಲ್ಮೂರಿನ ಸೀರೆ ತಂದಿದ್ದರು ಅಂತ ಅತ್ತೆ ಹೇಳ್ತಿದ್ದರು’ ಎಂದವರು ನಮ್ಮ ದೂರದ ಸಂಬಂಧದ ಚಿಕ್ಕಮ್ಮ. ಕಿರ್ದಿಯಲ್ಲಿ ಮೊಳಕಾಲ್ಮೂರಿನ ಜವಳಿ ಖರ್ಚು ನಿಜವಾಗಿಯೂ ಇತ್ತು. ಪ್ರತಿಯೊಂದು ಗುರುತಿನ ಮುಂದೆಯೂ ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಬರೆದುಕೊಳ್ಳಬೇಕು. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಉಳಿಸಿಕೊಳ್ಳಬೇಕು.

ಫೋಟೋವನ್ನು ಕಾಪಾಡುವ ವಿಷಯದಲ್ಲಿ ನಮ್ಮೂರಿನಲ್ಲಿ ಹೆಚ್ಚು ಹಾನಿ ಮಾಡಿರುವುದು ಲ್ಯಾಮಿನೇಷನ್. ಬಿಸಿಯೂ ಅಂಟೂ ಸೇರಿ ಹಳೆಯ ಲೇಪನವನ್ನು ಕೆಡಿಸುತ್ತವೆ, ಹಿಂದಿನ ಬರಹ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆದು ಬಿಡಿಸಬೇಡಿ, ನೀರು ತಾಗಿಸಬೇಡಿ, ಗಾಜಿನ ಮೇಲಿನಿಂದಲೇ ಪ್ರತಿ ತೆಗೆಯಿರಿ. ಬಿಡಿಯಾಗಿರುವುದನ್ನು 600 ಡಿಪಿಐನಲ್ಲಿ, ರಟ್ಟಿನ ಅಂಚೂ ಸೇರುವಂತೆ, ಮುಂದೆ ಹಿಂದೆ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ತಿದ್ದದ ಒಂದು ಪ್ರತಿಯನ್ನು ಹಾಗೆಯೇ ಇಡಿ. ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಹೆಂಗಸರ ಹೆಸರಿನ ಜೊತೆ ತವರಿನ ಊರನ್ನೂ ತಂದೆಯ ಹೆಸರನ್ನೂ ಸೇರಿಸಿ.

ನಮ್ಮ ಫೋಟೋದಲ್ಲಿ ಇನ್ನೂ ಗುರುತು ಸಿಗದವರು ನಾಲ್ವರಿದ್ದಾರೆ. ಅಜ್ಜನ ತಂಗಿಯ ಪಟ್ಟಿಯಲ್ಲಿ ಅವರ ಅಂಕಿಗಳ ಮುಂದೆ ‘ಹರಪನಳ್ಳಿಯವರು’ ಎಂದಷ್ಟೇ ಇದೆ. ಮುಯ್ಯಿ ಪಟ್ಟಿಯಲ್ಲಿ ಹರಪನಹಳ್ಳಿ ಸೀಮೆಯ ಕೆಲವು ಊರುಗಳ ಹೆಸರುಗಳಿವೆ. ಆ ಪುಟದ ನೆರಳಚ್ಚು ಪ್ರತಿಗಳನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಅಂದು ಫೋಟೋದವರು ಹಾಕಿಕೊಟ್ಟ ಪ್ರತಿಗಳಲ್ಲಿ ಎರಡು ಮಾತ್ರ ಈವರೆಗೆ ಸಿಕ್ಕಿವೆ, ಉಳಿದವು ಮುಯ್ಯಿ ಮಾಡಿದವರ ಮನೆಗಳಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಆ ಕಡೆಯ ನೆಂಟಸ್ತಿಕೆ ಇರುವವರು ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, ನಿಮ್ಮ ಊರಿನ ಹೆಸರು ಕಂಡರೆ ಮನೆಯಲ್ಲಿರುವ ಹಳೆಯ ಫೋಟೋಗಳನ್ನು ತಿರುವಿ ಹಿಂಬದಿಯನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.